ನಕ್ಷೆಯಲ್ಲಿಲ್ಲದ ಬೆಸುಗೆ

ಕಾರ್ತಿಕ ಮಾಸದ ಆ ಮಂಗಳವಾರ ಬೆಳಿಗ್ಗೆ ಆರೂವರೆಯಾದರೂ ರುದ್ರಮುನಿಯವರು ಬರಲಿಲ್ಲ. ಹೊಸಹಳ್ಳಿಯ ತಮ್ಮ ಮನೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಯಶೋದಮ್ಮ ಎರಡು ಲೋಟ ಕಾಫಿ ಬೆರೆಸಿ, ಒಂದರ ಮೇಲೆ ತಟ್ಟೆ ಮುಚ್ಚಿಟ್ಟು, ಸೋಲ್ಡರಿಂಗ್ ಐರನ್ ಕಾಯಲು ಹಾಕಿ ಕುಳಿತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಆ ಮನುಷ್ಯ ತಡವಾಗಿ ಬಂದದ್ದೇ ಕಡಿಮೆ. ತಡವಾದ ದಿನ ಫೋನ್ ಮಾಡದೆ ಇದ್ದದ್ದಿಲ್ಲ. ಏಳು ಗಂಟೆಗೆ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಇಳಿದು ಬಂದವಳು ರುದ್ರಮುನಿಯವರ ಮಗಳು ಶಿವಾನಿ. ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದಳು.

“ಆಂಟಿ, ಅಪ್ಪಾಜಿ ಪೂಜೆಗೆ ಕೂತವರು ಏಳಲೇ ಇಲ್ಲ.”

ಯಶೋದಮ್ಮ ಐರನ್ನಿನ ಸ್ವಿಚ್ ಆರಿಸಿದರು. ಆ ಹೊತ್ತಿನಲ್ಲಿ ತಾವು ಮಾಡಿದ ಕೆಲಸಗಳಲ್ಲಿ ಅದೊಂದೇ ಅವರಿಗೆ ನೆನಪಿದೆ. ಮೇಜಿನ ಮೇಲೆ, ರಿಪೇರಿಗೆಂದು ತಂದಿದ್ದ ರುದ್ರಮುನಿಯವರ ಹಾಡಿನ ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಕುಳಿತಿತ್ತು. ಅದು ಅಲ್ಲಿರಬಾರದಿತ್ತು. ಅನ್ನಪೂರ್ಣೇಶ್ವರಿ ನಗರದ ಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ ಇರಬೇಕಿತ್ತು.

ಸೋಮವಾರ ಸಂಜೆ ಅವರು ಪೆಟ್ಟಿಗೆಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ವಾಪಸು ಒಯ್ಯಲು ಹೊರಟಿದ್ದರು. “ಗುಂಯ್ ಅಂದ್ರೂ ಅನ್ಲಿ ಯಶೋದಮ್ಮ, ಬೆಳಿಗ್ಗೆ ಪೂಜೆ ಹೊತ್ತಿಗೆ ಅವ್ವನ ದನಿ ಬೇಕು” ಎಂದಿದ್ದರು. ತಡೆದವರು ಯಶೋದಮ್ಮನೇ. “ಬುಟ್ಟೋಗಿ ಸಾರ್. ಒಂದಿನ ಕೇಳ್ದಿದ್ರೆ ಏನಾಯ್ತದೆ? ಬೆಳಿಗ್ಗೆ ಬನ್ನಿ, ಕೂತ್ಕಂಡು ಮುಗ್ಸಿಬಿಡಾಣ.”

ಆ ಒಂದು ದಿನವೇ ಅವರ ಕೊನೆಯ ದಿನವಾಯಿತು. ತಾಯಿಯ ದನಿ ಇಲ್ಲದೆ, ಮೌನದಲ್ಲಿ ಪೂಜೆ ಮಾಡುತ್ತ ಅವರು ಲಿಂಗೈಕ್ಯರಾದರು.

ಯಶೋದಮ್ಮನಿಗೆ ಈಗ ಐವತ್ತೆಂಟು ವರ್ಷ. ಈ ಬಡಾವಣೆಯಲ್ಲಿ ಅವರನ್ನು ಬಲ್ಲವರು ಅನೇಕರಿದ್ದರೂ ಅವರ ಕೆಲಸವನ್ನು ಬಲ್ಲವರು ಕಡಿಮೆ. ಇಪ್ಪತ್ತೆರಡು ವರ್ಷ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆಯ ಸಾಲಿನಲ್ಲಿ ಕುಳಿತವರು. ಪಾಳಿಯೊಂದಕ್ಕೆ ಸಾವಿರದಿನ್ನೂರು ಬೆಸುಗೆ. ಅದರಲ್ಲಿ ನಾಲ್ಕು ಕೆಟ್ಟರೆ ಮೇಲ್ವಿಚಾರಕ ಹೆಸರು ಬರೆದುಕೊಳ್ಳುತ್ತಿದ್ದ. “ನನ್ನೆಸ್ರು ಎರಡೇ ಸಲ ಬರ್ದಿದ್ದು. ಎರಡು ಸಲಾನೂ ಚೇತನಾ ಹೊಟ್ಟೇಲಿದ್ಲು, ತಲೆ ಸುತ್ತೋದು” ಎಂದು ಅವರು ಈಗಲೂ ಮಗಳ ಮೇಲೆ ತಪ್ಪು ಹೊರಿಸಿ ನಗುತ್ತಾರೆ.

ಕಾರ್ಖಾನೆ ಮುಚ್ಚಿದ ಮೇಲೆ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡರು. ದಿನವೂ ನಾಲ್ಕೂವರೆಗೆ ಎದ್ದು, ಸ್ನಾನ ಮುಗಿಸಿ, ನಾಲ್ಕು ಮುಕ್ಕಾಲಿಗೆ ಐರನ್ ಕಾಯಿಸುತ್ತಾರೆ. ಬೆಸುಗೆ ಹಾಕುವಾಗ ಫ್ಯಾನ್ ತಿರುಗಬಾರದು, ಆದ್ದರಿಂದ ತಂಪು ಹೊತ್ತು ಬೇಕು. ದನಿ ಪರೀಕ್ಷಿಸಲು ಮೌನ ಬೇಕು, ಆದ್ದರಿಂದ ಮೊದಲ ಮೆಟ್ರೊ ಹೋಗುವ ಮುಂಚಿನ ಹೊತ್ತು ಬೇಕು. ದಿನಕ್ಕೆ ಮೂರು ನಾಲ್ಕು ಕೆಟ್ಟ ಆಂಪ್ಲಿಫೈಯರು, ಭಜನಾ ಮಂದಿರದ ಮೈಕು, ಯಾರದೋ ಅಜ್ಜನ ರೇಡಿಯೊ ಇವರ ಕೈ ದಾಟಿ ಹೋಗುತ್ತವೆ. ಕಣ್ಣಿಗೆ ಈಗ ಭೂತಗನ್ನಡಿಯ ಆಸರೆ ಬೇಕಾಗಿದೆ. ಕೈ ಮಾತ್ರ ನಡುಗುವುದಿಲ್ಲ.

ರುದ್ರಮುನಿಯವರು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರು. ಅಂಕಿಗಳ ರೂಪದಲ್ಲಿ ಬರುವ ಸಂಗೀತವನ್ನು ಕಿವಿ ಕೇಳುವ ದನಿಯನ್ನಾಗಿ ಮಾಡುವ ಯಂತ್ರವನ್ನು ಮನೆಯಲ್ಲೇ ಕಟ್ಟಬೇಕೆಂದು ಅವರಿಗೆ ಹುಚ್ಚು. ಅಂಗಡಿಯವರು ಅದನ್ನು ಡ್ಯಾಕ್ ಎನ್ನುತ್ತಾರೆ. ಯಶೋದಮ್ಮನಿಗೆ ಅದು ಬರಿಯ ‘ಪೆಟ್ಟಿಗೆ’. ರುದ್ರಮುನಿಯವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಕ್ಷೆ ಬರೆದು ತರುವರು, ಇವರು ಬೆಸುಗೆ ಹಾಕುವರು. ಹೀಗೆ ಮೂವತ್ತೊಂದು ಪೆಟ್ಟಿಗೆಗಳು ಇಬ್ಬರ ನಡುವೆ ಹುಟ್ಟಿ, ಹಾಡುಗಾರರ ಮನೆಗೆ, ಮಠಕ್ಕೆ, ನಿವೃತ್ತ ಮೇಷ್ಟರ ಮನೆಗೆ ಹೋಗಿವೆ.

ಆಯುಧಪೂಜೆಯ ದಿನ ರುದ್ರಮುನಿಯವರು ವಿಭೂತಿಯ ಗಟ್ಟಿ ಹಿಡಿದು ಮೇಜಿನ ಹತ್ತಿರ ಬಂದರೆ ಯಶೋದಮ್ಮ ಅಡ್ಡ ನಿಲ್ಲುತ್ತಿದ್ದರು. “ಹಣೆಗೆ ಹಚ್ಕಳಿ ಸಾರ್, ಬೋರ್ಡಿಗೆ ಬ್ಯಾಡ. ನಿಮ್ ಶಿವ ಶಾರ್ಟ್ ಆಗೋಯ್ತಾನೆ.” ಅವರು ನಕ್ಕು, ಮೇಜಿನ ಕಾಲಿಗೆ ಹಚ್ಚಿ ಸಮಾಧಾನಪಡುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಪ್ರತಿ ಪೆಟ್ಟಿಗೆಯಲ್ಲಿಯೂ ಒಂದೇ ಒಂದು ಬಿಡಿಭಾಗಕ್ಕೆ ತಾವೇ ಬೆಸುಗೆ ಹಾಕುವರು. ಯಾವುದಕ್ಕೆ ಎಂದು ಹೇಳುವುದಿಲ್ಲ, ನಕ್ಷೆಯಲ್ಲಿ ಬರೆಯುವುದೂ ಇಲ್ಲ. ಮಾಡಿದ ಸೇವೆಯನ್ನು ಬರೆದಿಡಬಾರದು ಎಂಬುದು ಅವರ ನಿಯಮ. ಯಶೋದಮ್ಮ ಕಾಫಿ ತರಲು ಒಳಗೆ ಹೋದಾಗ ಆ ಕೆಲಸ ಮುಗಿಯುತ್ತಿತ್ತು. ಮುಂದೆಂದೋ ಪೆಟ್ಟಿಗೆ ತೆರೆದಾಗ ಆ ಬೆಸುಗೆ ಸಿಕ್ಕಿಬೀಳುತ್ತಿತ್ತು. ಗೋಧಿಕಾಳಿನಷ್ಟು ದಪ್ಪ, ಹೊಳಪಿಲ್ಲದ, ಓರೆ ಬೆಸುಗೆ. “ಇದೇನ್ ಸಾರ್, ಕಾಗೆ ಹಿಕ್ಕೆ ಹಾಕ್ದಂಗೈತೆ?” ಎಂದು ಇವರು ಕೇಳಿದರೆ, “ಅದು ನಂದೇ ಇರಬೇಕು” ಎಂದು ಅವರೂ ಇಣುಕಿ ನೋಡುತ್ತಿದ್ದರು. ಯಾವ ಪೆಟ್ಟಿಗೆಯಲ್ಲಿ ಯಾವುದು ಎಂಬುದು ಅವರಿಗೇ ನೆನಪಿರುತ್ತಿರಲಿಲ್ಲ.

ಈಗ ಮೇಜಿನ ಮೇಲಿದ್ದದ್ದು ಮೊಟ್ಟಮೊದಲನೆಯ ಪೆಟ್ಟಿಗೆ. ಪ್ರಯೋಗಾಲಯದಲ್ಲಿ ಎಸೆದ ವೋಲ್ಟ್‌ಮೀಟರಿನ ಕವಚದಲ್ಲಿ ಕಟ್ಟಿದ್ದು. ರುದ್ರಮುನಿಯವರ ತಾಯಿ ಗುರವ್ವ ಹಾಡಿದ ವಚನಗಳನ್ನು ಊರಿನಲ್ಲಿ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಕ್ಯಾಸೆಟ್ ಸಿ.ಡಿ. ಆಯಿತು. ದಿನವೂ ಬೆಳಿಗ್ಗೆ ಐದಕ್ಕೆ ಆ ದನಿ ಈ ಪೆಟ್ಟಿಗೆಯ ಮೂಲಕ ಮನೆ ತುಂಬುತ್ತಿತ್ತು. ಈ ವರ್ಷ ಸಿ.ಡಿ. ಪ್ಲೇಯರ್ ಕೈಕೊಟ್ಟಿತು. ಶಿವಾನಿ ಹಾಡುಗಳನ್ನೆಲ್ಲ ಅಂಗೈಯಗಲದ ಹೊಸ ಪ್ಲೇಯರಿಗೆ ಹಾಕಿಕೊಟ್ಟಳು. ಹಳೆಯ ಪೆಟ್ಟಿಗೆಗೆ ಆ ಹೊಸದರ ಸಂಕೇತ ಒಗ್ಗಲಿಲ್ಲ. ಗುಂಯ್ ಎಂಬ ಸದ್ದು ಸೇರಿತು. ಪೆಟ್ಟಿಗೆಯ ಬಾಯಿಯನ್ನೇ, ಅಂದರೆ ಸಂಕೇತ ಒಳಬರುವ ಭಾಗವನ್ನೇ, ಹೊಸದಾಗಿ ಮಾಡಬೇಕೆಂದು ರುದ್ರಮುನಿಯವರು ನಕ್ಷೆ ಬರೆದರು. ಅದೇ ಅವರ ಕೊನೆಯ ನಕ್ಷೆ.

ಮೂರು ದಿನ ಯಶೋದಮ್ಮ ಐರನ್ ಮುಟ್ಟಲಿಲ್ಲ. ನಾಲ್ಕನೆಯ ದಿನ ದುಃಖದ ಮನೆಗೆ ಹೋಗಿ, ರುದ್ರಮುನಿಯವರ ಪತ್ನಿ ಜಗದಾಂಬಾ ಅವರ ಎದುರು ಕುಳಿತು, ಸೋಮವಾರ ನಡೆದದ್ದನ್ನು ಹೇಳಿಬಿಟ್ಟರು. “ನಾನೇ ತಡ್ದೆ ಅಮ್ಮಾವ್ರೇ. ತಗಂಡೋಗ್ತೀನಿ ಅಂದ್ರು. ನಾನೇ ಬುಟ್ಟೋಗಿ ಅಂದೆ. ಹನ್ನೊಂದನೇ ದಿನಕ್ಕೆ ಪೆಟ್ಟಿಗೆ ಮಾತಾಡಿಸಿ ತಂದುಕೊಡ್ತೀನಿ.”

ಹರಿಹರದಿಂದ ಬಂದಿದ್ದ ಮೈದುನ ಕೊಟ್ರೇಶ್ ಪಕ್ಕದಲ್ಲೇ ಇದ್ದರು. ಕಾಳಿನ ವ್ಯಾಪಾರದವರು, ನೇರ ಮಾತು. “ಬೇಜಾರು ಮಾಡ್ಕಬ್ಯಾಡ್ರಿ ಯಶೋದಮ್ಮಾರೆ. ತಲಿ ನಮ್ಮಣ್ಣಂದು, ಕೈ ನಿಮ್ದು. ತಲಿನೇ ಹೋದ ಮ್ಯಾಲೆ ಬರೀ ಕೈ ಏನ್ ಮಾಡ್ತೈತಿ? ಹೊಸಾದು ಒಂದು ತರಿಸಿಬಿಡಾಣ, ನಾಳೆನೇ ಬರ್ತೈತಿ.”

“ಕೈಗೂ ಒಸಿ ನೆನಪಿರ್ತದೆ ಕೊಟ್ರೇಶಣ್ಣ. ಬರೋ ಶುಕ್ರವಾರದವರೆಗೂ ತಡೀರಿ. ಆಗ್ಲಿಲ್ಲ ಅಂದ್ರೆ ನಿಮ್ ಹೊಸದಕ್ಕೆ ನಾನೇ ವೈರ್ ಹಾಕ್ಕೊಡ್ತೀನಿ.”

ಜಗದಾಂಬಾ ಕಣ್ಣೊರೆಸಿಕೊಂಡು ಹೇಳಿದರು: “ಹೊಸಾದ್ರಾಗೂ ಅತ್ತಿ ದನಿ ಬಂದೀತು ಕೊಟ್ರೇಶ. ಆದ್ರ ಅವರು ಕೇಳಿದ್ದು ಇದ್ರಾಗ. ಯಶೋದಮ್ಮ ನೋಡ್ಲಿ ಬಿಡು.”

ಶನಿವಾರ ಕೆಲಸ ಶುರುವಾಯಿತು. ಸಡಿಲವಾಗಿದ್ದ ಹಳೆಯ ಸಾಕೆಟ್ ಕಿತ್ತು, ರಂಧ್ರ ಅಗಲಿಸಿ, ತಿರುಗಿಸಿ ಬಿಗಿಯುವ ಗಟ್ಟಿ ಸಾಕೆಟ್ ಕೂರಿಸಿದರು. ಹೊರಗಿನ ಗುಂಯ್ ಸದ್ದು ಒಳಗೆ ಬಾರದಂತೆ ತಡೆಯುವ, ಕಡಲೆಬೀಜದಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್ ಸೇರಿಸಿದರು. ಗೇಣುದ್ದ ಸುತ್ತಾಡುತ್ತಿದ್ದ ವೈರನ್ನು ಬೆರಳುದ್ದಕ್ಕೆ ಇಳಿಸಿದರು. ನಕ್ಷೆಯಲ್ಲಿ ಬರೆದಿದ್ದಂತೆ ಎಪ್ಪತ್ತೈದು ಓಮ್ಸ್‌ನ ರೆಸಿಸ್ಟರ್ ಒಂದನ್ನು ಟ್ರಾನ್ಸ್‌ಫಾರ್ಮರಿನ ಒಳಬದಿಗೆ ಬೆಸೆದರು. ಸಂಕೇತವು ದಾರಿಯ ಕೊನೆ ಮುಟ್ಟಿ ಹಿಂದಕ್ಕೆ ಪುಟಿಯದಂತೆ ನಿಲ್ಲಿಸುವುದು ಅದರ ಕೆಲಸ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಹಾಡಿತು. ಗುಂಯ್ ಎಂಬುದು ಹೇಳಹೆಸರಿಲ್ಲದೆ ಹೋಗಿತ್ತು. ಗುರವ್ವನ ದನಿ ನೀರಿನಷ್ಟು ತಿಳಿಯಾಗಿ ಬಂತು. ಎಣಿಸಿದರೆ ಎಂಟು ಒಂಬತ್ತು ಕ್ಷಣ. ಆಮೇಲೆ ಕತ್ತರಿಸಿದಂತೆ ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು.

ಯಶೋದಮ್ಮ ಮೊದಲು ಅನುಮಾನಪಟ್ಟದ್ದು ತಮ್ಮ ಕೈಯನ್ನೇ. ಶನಿವಾರ ತಾವು ಹಾಕಿದ್ದ ಬೆಸುಗೆಗಳನ್ನೆಲ್ಲ ಕರಗಿಸಿ ಹೊಸದಾಗಿ ಹಾಕಿದರು. ಕೇಬಲ್ ಮೂರು ಸಲ ಬದಲಿಸಿದರು. ಸೋಮವಾರ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ಟ್ರಾನ್ಸ್‌ಫಾರ್ಮರ್ ತಂದರು. ಅಂಗಡಿಯ ಅಂಜಿನಯ್ಯ ಪೆಟ್ಟಿಗೆಯ ಕಥೆ ಕೇಳಿ, “ಅಕ್ಕ, ಆ ಡ್ಯಾಕ್ ಚಿಪ್ಪು ನನ್ ಮದ್ವೆಗಿಂತ ಹಳೇದು. ಬೋರ್ಡ್ ಬಿಸಾಕಿ” ಎಂದ. “ನಿನ್ ಮದ್ವೆ ಇನ್ನೂ ನಡೀತಾ ಐತಲ್ಲಪ್ಪ” ಎಂದು ಇವರು ಎದ್ದು ಬಂದರು. ಮಂಗಳವಾರ ಹೋಯಿತು, ಬುಧವಾರವೂ ಹೋಯಿತು. ದನಿ ಬರುವುದು, ನಿಲ್ಲುವುದು. ಮಗಳು ಚೇತನಾ, “ಬಿಡಮ್ಮ, ಹೊಸದೇ ತರ್ಲಿ. ಸಾರ್ ಏನ್ ಬೇಜಾರ್ ಮಾಡ್ಕೊಳಲ್ಲ” ಎಂದಳು. “ಸಾರ್ ಮಾಡ್ಕಳಲ್ಲ ಕಣೇ. ನಾನ್ ಮಾಡ್ಕಂತೀನಿ” ಎಂದರು ತಾಯಿ.

ಗುರುವಾರ, ಹತ್ತನೆಯ ದಿನ. ಎಂದಿನಂತೆ ನಾಲ್ಕು ಮುಕ್ಕಾಲಿಗೆ ಕುಳಿತ ಯಶೋದಮ್ಮ ಐರನ್ ಕಾಯಿಸದೆ, ಟ್ರಾನ್ಸ್‌ಫಾರ್ಮರಿನ ತಂತಿಯೊಂದನ್ನು ಕತ್ತರಿಸಿ, ಒಳಬದಿಯ ಕೊನೆಗೆ ಮೀಟರ್ ಹಿಡಿದರು. ಆ ಕೊನೆಯಲ್ಲಿ ಎಪ್ಪತ್ತೈದು ತೋರಿಸಬೇಕು. ಮೀಟರ್ ತೋರಿಸಿದ್ದು ಮೂವತ್ತೇಳೂವರೆ. ಮೀಟರಿನ ಬ್ಯಾಟರಿ ಬದಲಿಸಿ ಮತ್ತೆ ಹಿಡಿದರು. ಅದೇ ಮೂವತ್ತೇಳೂವರೆ.

“ಅರ್ಧ ಅಂದ್ರೆ ಎರಡೈತೆ ಅಂತ. ಅದು ಕಾರ್ಖಾನೇಲಿ ಕಲ್ತ ಲೆಕ್ಕ. ಒಂದೇ ಜಾಗದಲ್ಲಿ ಎರಡು ಕೂತ್ರೆ ಅಳತೆ ಅರ್ಧ ಆಯ್ತದೆ, ಸಂಕೇತ ಕುಗ್ಗೋಯ್ತದೆ. ಒಂದನ್ನ ನಾನು ಹಾಕಿವ್ನಿ. ಇನ್ನೊಂದು ಯಾರು ಹಾಕಿದ್ರು?” ಎಂದು ಆ ಬೆಳಗಿನ ಯೋಚನೆಯನ್ನು ಅವರು ಈಗ ವಿವರಿಸುತ್ತಾರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊಳೆದಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನು ಬೋರಲು ಹಾಕಿದರು. ಅಂಕಿಯನ್ನು ದನಿಯಾಗಿಸುವ ಚಿಪ್ಪಿನ ಕಾಲುಗಳ ಹತ್ತಿರ ಒಂದು ತುಂಡು ಕಪ್ಪು ಟೇಪು ಅಂಟಿತ್ತು. ಅದನ್ನು ಚಿಮಟದಿಂದ ಎಬ್ಬಿಸಿದರು. ಗೋಧಿಕಾಳಿನಷ್ಟು ದಪ್ಪ, ಹೊಳಪಿಲ್ಲದ, ಓರೆ ಬೆಸುಗೆ.

ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಹಾಕಿದವರು ಅದನ್ನು ಮರೆತು, ಅದೇ ರೆಸಿಸ್ಟರನ್ನು ಹೊಸ ನಕ್ಷೆಯಲ್ಲಿ ಯಶೋದಮ್ಮನ ಪಾಲಿಗೆ ಬರೆದಿದ್ದರು. ಅವರು ಎದುರಿಗಿದ್ದಿದ್ದರೆ ಐದು ನಿಮಿಷದ ನಗೆಯಲ್ಲಿ ಮುಗಿಯುತ್ತಿದ್ದ ತಪ್ಪು. ಯಶೋದಮ್ಮ ನಕ್ಕರು. ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹತ್ತು ದಿನದಿಂದ ಬಾರದ ಅಳು ಆಗ ಬಂತು. ಮೊದಲ ಮೆಟ್ರೊ ಮೇಲೆ ಹಾದುಹೋಗುವವರೆಗೂ ಅತ್ತರು. ಆಮೇಲೆ ಮುಖ ತೊಳೆದು ಬಂದು ಐರನ್ ಕಾಯಲು ಹಾಕಿದರು.

ಎರಡರಲ್ಲಿ ಒಂದನ್ನು ತೆಗೆಯಬೇಕು. ಇವರದು ಹೊಳೆಯುವ, ಕೊರತೆಯಿಲ್ಲದ ಬೆಸುಗೆ. ಕಾರ್ಖಾನೆಯ ಮೇಲ್ವಿಚಾರಕನ ಕೈಗೆ ಕೊಟ್ಟಿದ್ದರೆ ಅವನು ಕಿತ್ತೆಸೆಯುತ್ತಿದ್ದುದು ರುದ್ರಮುನಿಯವರದನ್ನು. ಯಶೋದಮ್ಮ ಆ ಹಳೆಯ ರೆಸಿಸ್ಟರಿನ ಒಂದು ಕಾಲು ಎಬ್ಬಿಸಿ ಅಳೆದರು. ಎಪ್ಪತ್ತೈದಕ್ಕೆ ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಕುಳಿತ ಜಾಗ ನೋಡಿದರು. ದಾರಿಯ ಕೊಟ್ಟಕೊನೆ, ಚಿಪ್ಪಿನ ಬಾಯಲ್ಲೇ. ಅದು ಇರಬೇಕಾದದ್ದೂ ಅಲ್ಲೇ. ಎಬ್ಬಿಸಿದ ಕಾಲನ್ನು ಮತ್ತೆ ಅದ್ದಿ ಕೂರಿಸುವಾಗ ಅವರು ಬೇಕೆಂದೇ ಸ್ವಲ್ಪ ಹೆಚ್ಚು ಸೀಸ ಬಿಟ್ಟರು. ತಮ್ಮದನ್ನು ಕರಗಿಸಿ ತೆಗೆದು ಪಕ್ಕಕ್ಕಿಟ್ಟು, ಕತ್ತರಿಸಿದ್ದ ತಂತಿಯನ್ನು ಮತ್ತೆ ಬೆಸೆದರು.

ಗುರವ್ವ ಹಾಡತೊಡಗಿದರು. ಒಂಬತ್ತು ಕ್ಷಣ ಕಳೆಯಿತು. ಒಂಬತ್ತು ನಿಮಿಷ ಕಳೆಯಿತು. ದನಿ ನಿಲ್ಲಲಿಲ್ಲ.

ಶುಕ್ರವಾರ ಬೆಳಗಿನ ಐದು ಗಂಟೆಗೆ ಅನ್ನಪೂರ್ಣೇಶ್ವರಿ ನಗರದ ಮನೆಯಲ್ಲಿ ಜಗದಾಂಬಾ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಕುಳಿತರು. ಅತ್ತೆಯ ದನಿ ಮನೆ ತುಂಬಿತು. ಪೂಜೆ ಮುಗಿದ ಮೇಲೆ, ಹನ್ನೊಂದನೆಯ ದಿನದ ಶಿವಗಣಾರಾಧನೆಯ ಅಡುಗೆಗೆ ಒಲೆ ಹಚ್ಚುವ ಮೊದಲು, ಕೊಟ್ರೇಶ್ ಬಂದು ಯಶೋದಮ್ಮನ ಪಕ್ಕದಲ್ಲಿ, ಪೆಟ್ಟಿಗೆಯ ಮುಂದೆ ಮಂಡಿಯೂರಿದರು.

“ಏನಾಗಿತ್ತ್ರೀ ಇದಕ್ಕ?”

“ಒಂದು ಹೆಚ್ಗೆ ಇತ್ತು ಕೊಟ್ರೇಶಣ್ಣ. ನಂದು ತೆಗ್ದೆ. ಸಾರ್‌ದು ಅಲ್ಲೇ ಬುಟ್ಟೆ.”

ಕೊಟ್ರೇಶ್ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ, “ಬರೀ ಕೈ ಅಂದಿದ್ದೆ. ತಪ್ಪಾತು ತಾಯಿ” ಎಂದರು.

ಮುಚ್ಚಳದ ಒಳಬದಿಗೆ ಯಶೋದಮ್ಮ ಆ ಕೊನೆಯ ನಕ್ಷೆಯ ಕ್ಯಾಲೆಂಡರ್ ಹಾಳೆಯನ್ನು ಮಡಿಸಿ ಅಂಟಿಸಿದ್ದಾರೆ. ಹತ್ತೊಂಬತ್ತು ವರ್ಷದಲ್ಲಿ ರುದ್ರಮುನಿಯವರ ನಕ್ಷೆಯ ಮೇಲೆ ಅವರು ಪೆನ್ಸಿಲ್ ಇಟ್ಟದ್ದು ಇದೇ ಮೊದಲು. ತಮ್ಮ ಪಾಲಿನ ರೆಸಿಸ್ಟರಿಗೆ ಅಡ್ಡಗೆರೆ ಎಳೆದು, ಚಿಪ್ಪಿನ ಪಕ್ಕದಲ್ಲಿ ಇನ್ನೊಂದನ್ನು ಬರೆದು, ದುಂಡಗಿನ ಅಕ್ಷರದಲ್ಲಿ ಹೀಗೆ ಸೇರಿಸಿದ್ದಾರೆ: “ಕೆಳಗಡೆ ಸಾರ್ ಬೆಸುಗೆ ಇದೆ. ತೆಗೆಯಬಾರದು.” ಸಾರ್ ನಿಯಮ ಮುರಿದೆನಲ್ಲ ಎಂಬ ಅಳುಕು ಅವರಿಗಿದೆ. “ಬರೀದೆ ಹೋದ್ರೆ ನಾಳೆ ಯಾರೋ ನನ್ನಂಗೆ ಐದು ದಿನ ಒದ್ದಾಡ್ತಾರೆ. ಸಾರ್ ಬೈಯಲ್ಲ ಬುಡಿ” ಎನ್ನುತ್ತಾರೆ. ಮೂವತ್ತೆರಡನೆಯ ಪೆಟ್ಟಿಗೆಯ ನಕ್ಷೆಯನ್ನು ತಾವೇ ಬರೆಯಬೇಕೆಂಬ ಆಸೆಯೊಂದು ಅವರಿಗಿದೆ. ಈ ವರ್ಷದ ಕ್ಯಾಲೆಂಡರಿನ ಮುಗಿದ ತಿಂಗಳುಗಳ ಹಾಳೆಗಳನ್ನು ಹರಿದು ಜೋಡಿಸಿಟ್ಟುಕೊಂಡಿದ್ದಾರೆ.

ಅವರು ದಿನವೂ ಐರನ್ ಕಾಯುವಷ್ಟು ಹೊತ್ತು ಕಣ್ಣು ಮುಚ್ಚಿ ಕೂರುತ್ತಾರೆ. ಹೆಸರು ಬಯಸದೆ ಬಾಳಿದ ರುದ್ರಮುನಿಯವರನ್ನು ಪರಶಿವನು ತನ್ನ ಪಾದದ ನೆರಳಿನಲ್ಲಿ ಇರಿಸಿಕೊಳ್ಳಲಿ. ಕೊನೆಯ ಬೆಳಿಗ್ಗೆ ಅವರಿಗೆ ಇಲ್ಲಿ ಕೇಳದೆ ಹೋದ ತಾಯಿಯ ದನಿ ಅಲ್ಲಿ ತಡೆಯಿಲ್ಲದೆ ಕೇಳುತ್ತಿರಲಿ. ಆ ಜೀವಕ್ಕೆ ಶಾಂತಿಯಾಗಲಿ.