ಪೂಜೆಯಾದ ಬಲೆ

ಎಪ್ಪತ್ತರ ದಶಕದಲ್ಲಿ ನಾನು ಬ್ಲಾಕ್ ಆಫೀಸಿನ ಜೀಪ್ ಓಡಿಸುತ್ತಿದ್ದೆ. ಹೊಸಕೋಟೆ ಕಡೆಯ ಒಂದು ಕೆರೆಯ ಬೆಸ್ತರಿಗೆ ಸರ್ಕಾರದ ದುಡ್ಡಿನಲ್ಲಿ ನೈಲಾನ್ ಬಲೆ ಮಂಜೂರಾಗಿತ್ತು. ಸಾಹೇಬರು ಅದನ್ನು ಮುನಿಯಮ್ಮ ಎಂಬಾಕೆಯ ಕೈಗಿತ್ತು ಫೋಟೋ ತೆಗೆಸಿಕೊಂಡರು. ಹಳೆಯ ನೂಲಿನ ಬಲೆ ಕೊಳೆತುಹೋಗಿ, ಮನೆಯಲ್ಲಿ ಒಲೆ ಉರಿಯದೆ ಕಂಗಾಲಾಗಿದ್ದವಳು ಆಕೆ. ಹೊಸ ಬಲೆಯನ್ನು ಕೆರೆಯಂಚಿಗೆ ಒಯ್ದು, ಅರಿಶಿನ ಕುಂಕುಮವಿಟ್ಟು, ಗಂಗಮ್ಮನಿಗೆ ಕೈಮುಗಿದಳು.

ಅಷ್ಟರಲ್ಲಿ ಸಾಹೇಬರು ನನಗೆ, "ಬಲೆ ಎತ್ತಿ ಜೀಪಿಗೆ ಹಾಕಪ್ಪಾ. ನಾಳೆ ದೊಡ್ಡಬೆಳವಂಗಲದಲ್ಲೂ ಫೋಟೋ ಇದೆ, ಇರೋದು ಇದೊಂದೇ" ಅಂದರು.

ಮುನಿಯಮ್ಮನಿಗೆ ಕೇಳಿಸಿಬಿಟ್ಟಿತು. "ಏನ್ ಸಾಮಿ, ಕೊಟ್ಟಿದ್ದನ್ನ ಕಿತ್ಕೊಂಡೋಗ್ತೀರಾ? ನನ್ ಮಕ್ಳು ಫೋಟೋ ತಿಂತಾವಾ?"

ದೇವರ ಹೆಸರು ಬಿಟ್ಟು ಬೇರೇನೂ ಆಡದ ನನ್ನ ನಾಲಿಗೆಗೆ ಅಂದು ಬರೀ ಬೈಗುಳವೇ ಬಂತು. ನುಂಗಿಕೊಂಡು ಮೆಲ್ಲಗೆ ಅಂದೆ: "ಗಂಗಮ್ಮನಿಗೆ ಒಪ್ಪಿಸಿದ್ದು ಸಾರ್, ನಾನು ಮುಟ್ಟಲ್ಲ. ವಾಪಸ್ ತಗೊಂಡ್ರೆ ಆಯಮ್ಮ ಸುಮ್ನಿರಲ್ಲ. ಬೇಕಾದ್ರೆ ತಾವೇ ಎತ್ಕೊಳ್ಳಿ."

ಸಾಹೇಬರು ಕೈ ಚಾಚಿದರು, ಕುಂಕುಮ ನೋಡಿ ಹಿಂದೆಗೆದರು. ಜೀಪ್ ಬಲೆಯಿಲ್ಲದೆಯೇ ಹೊರಟಿತು. ದಾರಿಯುದ್ದಕ್ಕೂ, "ಗಂಗಮ್ಮಂಗೆ ಅಷ್ಟೊಂದು ಕೋಪವೇನಯ್ಯಾ?" ಎಂದು ಕೇಳುತ್ತಲೇ ಇದ್ದರು. ಹೂಂ ಅಂದೆ.

ಗಂಗಮ್ಮ ತಾಯಿ ಬಲು ಶಾಂತ ಸ್ವಭಾವದವಳು. ಆ ಕೋಪ ನನ್ನದಾಗಿತ್ತು.