ನೀಲವ್ವನ ಬೆರಳು

ಜ್ವರ ಬಂದು ಮಲಗಿದ್ದೇನೆ. ಮೂಗು ಪೂರ್ತಿ ಕಟ್ಟಿಕೊಂಡಿದೆ, ಬೆಳಗಿನ ಕಾಫಿಯ ವಾಸನೆಯೂ ಹತ್ತಲಿಲ್ಲ. ಅಂಥಾದ್ದರಲ್ಲಿ ಮಗಳು ಸಿಂಚನಾ ದೇವರ ಗೂಡನ್ನೆಲ್ಲ ಕೆದಕಿ, ಎಲ್ಲೋ ಮೂಲೆ ಸೇರಿದ್ದ ವಿಭೂತಿ ಗಟ್ಟಿಯೊಂದನ್ನು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು ನೋಡಿ, ಅದರ ವಾಸನೆ ಮಾತ್ರ ನೆಟ್ಟಗೆ ಒಳಗೆ ಬಂತು. ಒಲೆಯ ಬೂದಿಗೂ ಹೊಸದಾಗಿ ಸುಣ್ಣ ಬಳಿದ ಗೋಡೆಗೂ ನಡುವೆ ಎಲ್ಲೋ ಇರುವ ವಾಸನೆ ಅದು. "ನೀರು ತರ್ತೀನಿ ಇರಮ್ಮ" ಅಂತ ಅವಳು ಅಡುಗೆಮನೆಗೆ ಹೋಗಿದ್ದಾಳೆ. ಅಲ್ಲಿ ಫೋನು ಬಂದಿರಬೇಕು, ಯಾರ ಜೊತೆಗೋ ಮಾತಾಡುತ್ತಿದ್ದಾಳೆ. ಬೇಗ ಬರುವ ಹುಡುಗಿಯಲ್ಲ. ಅಷ್ಟರೊಳಗೆ ನಿಮಗೊಂದು ವಿಷಯ ಹೇಳಿಬಿಡುತ್ತೇನೆ. ವಿಭೂತಿಯ ವಾಸನೆಗೆ ಎಲ್ಲರಿಗೂ ಭಕ್ತಿ ಬಂದರೆ ನನಗೆ ಎದೆ ಧಸಕ್ ಎನ್ನುತ್ತದೆ.

ಸಿಂಚನಾಳಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಾವು ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆಗಿದ್ದೆವು. ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಟೆಕ್ ಪಾರ್ಕಿನ ಕಾಂಪೌಂಡಿನ ಮೇಲೆ ನೆರಳು ಬೀಳುತ್ತಿತ್ತು. ಆ ಕಾಂಪೌಂಡಿನ ಒಳಗೆ ನನ್ನ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅತ್ತೆ ಇದನ್ನು ಕೇಳಿ, "ತಪ್ಪು ಹುಡುಕಾಕ ಪಗಾರ ಬ್ಯಾರೆ ಕೊಡ್ತಾರೇನವಾ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದರು. ನಮ್ಮನೆಯವರ ಕಾರ್ಖಾನೆ ಪೀಣ್ಯದಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವುದರಲ್ಲೇ ಅವರ ಅರ್ಧ ಆಯಸ್ಸು ಕಳೆಯುತ್ತಿತ್ತು. ಹಾಗಾಗಿ ಮಗುವನ್ನು ಡೇಕೇರ್‌ಗೆ ಬಿಡುವುದು, ಕರೆತರುವುದು, ಅಲ್ಲಿಂದ ಫೋನು ಬಂದರೆ ಓಡುವುದು, ಮೂರೂ ನನ್ನ ಪಾಲಿಗೆ.

ಡೇಕೇರ್ ಎರಡು ಗಲ್ಲಿ ಆಚೆ, ಒಂದು ಮನೆಯ ನೆಲಮಹಡಿಯಲ್ಲಿತ್ತು. ಗೋಡೆಯ ಮೇಲೆ ಆನೆ, ಜಿರಾಫೆ, ಮತ್ತು ಏನೆಂದು ನನಗೆ ಕೊನೆಯವರೆಗೂ ಗೊತ್ತಾಗದ ಒಂದು ನೀಲಿ ಪ್ರಾಣಿ. ನಡೆಸುತ್ತಿದ್ದ ಮೇಡಂ ಬೆಳಿಗ್ಗೆ ಸಂಜೆ ಗೇಟಿನ ಹತ್ತಿರ ನಕ್ಕು ಮಾತಾಡಿಸುತ್ತಿದ್ದರು. ಮಕ್ಕಳನ್ನು ಎತ್ತಿ, ತೊಳೆದು, ಉಣಿಸಿ, ಮಲಗಿಸುತ್ತಿದ್ದವಳು ನೀಲವ್ವ. ಕೊಪ್ಪಳದ ಕಡೆಯವಳು, ಅವಳ ಗಂಡನಿಗೆ ವರ್ತೂರಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಸೆಂಟ್ರಿಂಗ್ ಕೆಲಸ. ನೀಲವ್ವ ಕಂಡರೆ ಮಕ್ಕಳು ಅಮ್ಮಂದಿರ ಕೊರಳು ಬಿಟ್ಟು ಅವಳತ್ತ ಬಾಗುತ್ತಿದ್ದವು. ಅದನ್ನು ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು, ಸುಳ್ಳೇಕೆ, ಸ್ವಲ್ಪ ಹೊಟ್ಟೆಯುರಿಯೂ ಆಗುತ್ತಿತ್ತು.

ಇನ್ನು ಕಾಯಿಲೆಗಳು. ಮೊದಲು ನೆಗಡಿ. ಅದು ಹೋಗುವಷ್ಟರಲ್ಲಿ ಕೆಮ್ಮು. ಕೆಮ್ಮಿನ ಹಿಂದೆ ಜ್ವರ, ಜ್ವರದ ಹಿಂದೆ ಭೇದಿ, ನಡುವೆ ಬಿಡುವು ಸಿಕ್ಕಿತೆಂದರೆ ಮದ್ರಾಸ್ ಐ. ಒಮ್ಮೆ ಅಂಗೈ, ಅಂಗಾಲು, ಬಾಯಿಯ ಒಳಗೆಲ್ಲ ಗುಳ್ಳೆಗಳೆದ್ದು ಮಗು ಹಾಲು ಕಂಡರೆ ಅಳತೊಡಗಿತು. ಡಾಕ್ಟರು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: "ವೈರಲ್ ಮೇಡಂ. ಡೇಕೇರ್ ಮಕ್ಕಳಿಗೆ ಇದೆಲ್ಲ ಮಾಮೂಲು." ಅವರಿಗೆ ಮಾಮೂಲು. ನಾನು ಮೀಟಿಂಗಿನ ಮೇಜಿನ ಮೇಲೆ ಮಗುಚಿಟ್ಟ ಫೋನು ಗುರ್ ಎಂದರೆ ಸಾಕು, ಚೀಲಕ್ಕೆ ಕೈ ಹಾಕುತ್ತಿದ್ದೆ. "ಸಿಂಚನಾ ಮಮ್ಮಿ, ಮೈ ಬಿಸಿ ಇದೆ, ಬಂದು ಕರ್ಕೊಂಡ್ ಹೋಗ್ಬಿಡಿ."

ಎಷ್ಟು ದಿನ ಅಂತ ಯಾರು ಸಹಿಸುತ್ತಾರೆ? ಮ್ಯಾನೇಜರ್ ಒಂದು ದಿನ ಕರೆದು ಕೂರಿಸಿಕೊಂಡರು. ಕೆಟ್ಟ ಮನುಷ್ಯನಲ್ಲ. "ನೋಡಿ, ಯಾರದೂ ತಪ್ಪಲ್ಲ. ಆದ್ರೆ ಈ ಸಾಫ್ಟ್‌ವೇರ್ ರಿಲೀಸ್ ಟೈಮಲ್ಲೂ ನೀವಿಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗುತ್ತೆ" ಎಂದರು. ನಾನು ತಲೆಯಾಡಿಸಿ ಹೊರಗೆ ಬಂದು, ರಾಜೀನಾಮೆಯ ಮೇಲ್ ಬರೆದು ಡ್ರಾಫ್ಟಿನಲ್ಲಿಟ್ಟೆ. ಈ ಕೆಲಸ ಸಿಕ್ಕಿದಾಗ ದಾವಣಗೆರೆಯಲ್ಲಿ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ್ದರು. ಅದನ್ನು ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ತಪ್ಪು ಹುಡುಕುವುದೇ ನನ್ನ ಕಸುಬಲ್ಲವೇ? ಸರಿ, ರೋಗದ ಮೂಲ ಹುಡುಕಲು ಹೊರಟೆ. ನೀರಿನ ಮೇಲೆ ಗುಮಾನಿಯಾಯಿತು, ಮನೆಯಿಂದಲೇ ಕಾಯಿಸಿದ ನೀರು ಕಳಿಸಿದೆ. ಬೇರೆ ಲೋಟ, ಬೇರೆ ಚಮಚ, ಬೇರೆ ಟವೆಲ್, ಬೇರೆ ಹಾಸಿಗೆ. ಎಲ್ಲದರ ಮೇಲೂ ಕೆಂಪು ದಾರದಲ್ಲಿ ಹೆಸರು ಹೊಲಿದೆ. ವರ್ತೂರು ಕೆರೆಯ ಕೊಳಚೆ ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿದ್ದ ಕಾಲ ಅದು, ಕೆಲವು ದಿನ ಆ ನೊರೆಯನ್ನೂ ಶಂಕಿಸಿದೆ. ಕೊನೆಗೆ ನನ್ನ ಕಣ್ಣು ಹೋಗಿ ನಿಂತದ್ದು ಆರ್ಯನ್ ಎಂಬ ಪುಟ್ಟ ಹುಡುಗನ ಮೇಲೆ. ಬೇಸಿಗೆಯಿರಲಿ, ಚಳಿಯಿರಲಿ, ಅವನ ಮೂಗು ಸೋರುತ್ತಲೇ ಇರುತ್ತಿತ್ತು. ಮನಸ್ಸಿನಲ್ಲೇ ಅವನಿಗೆ ಗೊಣ್ಣೆ ಸಾಹುಕಾರ ಎಂದು ಹೆಸರಿಟ್ಟಿದ್ದೆ. ಆಫೀಸಿನ ಲಿಫ್ಟಿನಲ್ಲಿ ಅವನ ಅಮ್ಮ ಸಿಕ್ಕರೆ ನೆಂಟಸ್ತನ ಮುರಿದವರ ಹಾಗೆ ಬಾಗಿಲ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಪಾಪ, ಆಕೆಯೂ ಹಾಗೇ ನಿಲ್ಲುತ್ತಿದ್ದಳು. ಅವಳ ಲೆಕ್ಕದಲ್ಲಿ ನನ್ನ ಮಗಳೇ ಕಳ್ಳಿಯಿರಬೇಕು.

ಈ ನಡುವೆ ರಾಣೆಬೆನ್ನೂರಿನಿಂದ ಅತ್ತೆ ಬಂದು ಕೆಲವು ವಾರ ಇದ್ದು ಹೋದರು. "ಮಗಿ ಎಷ್ಟು ಸೊರಗೇತಿ ನೋಡು" ಎಂದು ಅತ್ತರು. ತಮ್ಮ ಮಠದಿಂದ ತಂದಿದ್ದ ವಿಭೂತಿ ಗಟ್ಟಿಯನ್ನು ದೇವರ ಗೂಡಿನಲ್ಲಿಟ್ಟು, ದಿನಾ ಬೆಳಿಗ್ಗೆ ಮಗುವಿನ ಹಣೆಗೆ ಮೂರು ಬೆರಳು ಎಳೆದು, ನಾಲಿಗೆಗೂ ಒಂದು ಚೂರು ಮುಟ್ಟಿಸಿಯೇ ಹೊರಗೆ ಕಳಿಸುತ್ತಿದ್ದರು. ನಮ್ಮ ಕಡೆ ಎಲ್ಲ ಅಜ್ಜಿಯರೂ ಮಾಡುವ ಕೆಲಸವೇ. ನಾನೂ ಹಾಗೇ ಬೆಳೆದವಳು. ಅವರು ಊರಿಗೆ ಹೋದ ಮೇಲೆ ಬೆಳಗಿನ ಗಡಿಬಿಡಿಯಲ್ಲಿ ಅದು ನಿಂತುಹೋಯಿತು. ಮಗುವಿನ ಕಾಯಿಲೆ ಮಾತ್ರ ನಿಲ್ಲಲಿಲ್ಲ. ಮೊದಲು ಬಂದು ಹೋಗುತ್ತಿದ್ದದ್ದು ಈಗ ಬಂದು ಕೂತೇಬಿಟ್ಟಿತು.

ರಿಲೀಸ್ ಹತ್ತಿರವಿದ್ದ ಒಂದು ಮಧ್ಯಾಹ್ನ ನನಗೇ ಮೈ ಕೈ ನೋವು, ಕಣ್ಣುರಿ. ಕೂರಲಾಗದೆ ಹೇಳಿ ಹೊರಟೆ. ದಾರಿಯಲ್ಲೇ ಇದೆಯಲ್ಲ, ಮಗುವನ್ನೂ ಕರೆದುಕೊಂಡು ಹೋಗೋಣ ಎಂದು ಡೇಕೇರ್‌ಗೆ ನುಗ್ಗಿದೆ. ಹೇಳದೆ ಕೇಳದೆ ಆ ಹೊತ್ತಿನಲ್ಲಿ ನಾನು ಹೋದದ್ದು ಅದೇ ಮೊದಲು. ಮೇಡಂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಮಕ್ಕಳೆಲ್ಲ ಊಟ ಮುಗಿಸಿ ಗೋಡೆಯ ಜಿರಾಫೆಯ ಕೆಳಗೆ ಸಾಲಾಗಿ ಕೂತಿದ್ದವು. ಬಂಗಾಳದ್ದು, ಒಡಿಶಾದ್ದು, ತಮಿಳುನಾಡಿನದು, ನಮ್ಮದು. ಎಲ್ಲರೂ ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆ ಚಾಚಿಕೊಂಡಿದ್ದರು.

ಅವರೆದುರು ನೀಲವ್ವ ಮಂಡಿಯೂರಿದ್ದಳು. ಎಡಗೈಯಲ್ಲಿ ಒಂದು ವಿಭೂತಿ ಗಟ್ಟಿ. ಬಲಗೈಯ ಬೆರಳುಗಳನ್ನು ಗಟ್ಟಿಗೆ ಉಜ್ಜುವಳು, "ಶಿವಾ ಅನ್ನು ನನ್ನಪ್ಪ" ಎನ್ನುತ್ತಾ ಹಣೆಗೆ ಎಳೆಯುವಳು, ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸುವಳು. ನಾಲಿಗೆಗೆ ಮುಟ್ಟಿದ ಬೆರಳು ಒದ್ದೆಯಾಯಿತಲ್ಲ, ಅದನ್ನೇ ಮತ್ತೆ ಗಟ್ಟಿಗೆ ಉಜ್ಜುವಳು, ಪಕ್ಕದ ಮಗುವಿಗೆ ಹೋಗುವಳು. ಬೇರೆ ನೀರಿನ ಅಗತ್ಯವೇ ಬೀಳುತ್ತಿರಲಿಲ್ಲ. ಗೊಣ್ಣೆ ಸಾಹುಕಾರ ಚಾಚಿದ ನಾಲಿಗೆ, ಅವನ ಮೂಗಿನಿಂದ ಅಲ್ಲಿಯವರೆಗೂ ಇಳಿದಿದ್ದ ಧಾರೆ, ನೀಲವ್ವನ ಬೆರಳು, ಗಟ್ಟಿ, ಅದಾದ ಕೂಡಲೇ ನನ್ನ ಸಿಂಚನಾಳ ನಾಲಿಗೆ.

ನಾನು ಬಾಗಿಲಲ್ಲಿ ಕಂಬವಾಗಿ ನಿಂತೆ. ಕೆಂಪು ದಾರದಲ್ಲಿ ಹೆಸರು ಹೊಲಿದ ಲೋಟ, ಚಮಚ, ಟವೆಲುಗಳೆಲ್ಲ ಮೂಲೆಯಲ್ಲಿ ಅಚ್ಚುಕಟ್ಟಾಗಿ ಬೇರೆಯೇ ಇದ್ದವು.

"ನೀಲವ್ವ! ಏನಿದು? ಎಲ್ಲಿಂದ ಬಂತು ಇದು?" ಎಂದು ಕೇಳಿದೆ.

ಅವಳು ತಿರುಗಿ ನೋಡಿ ಮುಖ ಅರಳಿಸಿದಳು. "ನಿಮ್ಮ ಅತ್ತಿಯಾರ ಕೊಟ್ಟ್ ಹೋಗ್ಯಾರ್ರೀ ಅಕ್ಕಾರ. 'ನಾ ಊರಿಗ್ ಹ್ವಾದ ಮ್ಯಾಲ ನನ್ ಸೊಸಿಗೆ ಪುರುಸೊತ್ತಿರಂಗಿಲ್ಲ, ನೀನಽ ಹಚ್ಚವಾ ಕೂಸಿಗೆ' ಅಂದ್ರು."

ಕಾಯಿಲೆ ಹೀಗೆ ಬಂದು ಕೂತದ್ದಕ್ಕೆ ನಾನು ಊರನ್ನೆಲ್ಲ ಶಂಕಿಸಿದ್ದೆ, ಅದರ ಮೂಲ ನಮ್ಮ ದೇವರ ಗೂಡಿನಿಂದಲೇ ನಡೆದು ಬಂದಿತ್ತು. ಅತ್ತೆ ಗಟ್ಟಿಯನ್ನು ಎರಡು ಮಾಡಿ, ನನಗೆ ಹೇಳದೆ, ಒಂದು ಹೋಳನ್ನು ಇಲ್ಲಿ ಒಪ್ಪಿಸಿ ಹೋಗಿದ್ದರು.

"ಅವರು ಸಿಂಚನಾಗೆ ಹಚ್ಚು ಅಂದಿದ್ರೆ, ನೀನು ಎಲ್ಲರಿಗೂ ಯಾಕೆ..." ಎಂದೆ.

"ಅಯ್ಯ, ಒಂದ್ ಕೂಸಿಗೆ ಹಚ್ಚಿ ಉಳದಾವಕ್ಕ ಬಿಟ್ರ ಹೆಂಗ್ರೀ? ಅವೂ ಜ್ವರಾ ಬಂದು ನರಳ್ತಾವಲ್ರೀ. ಅವ್ರವ್ವಗೋಳೂ ನಿಮ್ಹಂಗ ಅಳ್ತಾ ಬಂದು ಎತ್ಗೊಂಡ್ ಹೋಗ್ತಾರ. ಮಠದ್ದೈತಿ, ಎಲ್ಲಾರಿಗೂ ಚಲೋ ಆಗ್ಲಿ ಅಂತ."

ವೈರಾಣು, ಎಂಜಲು, ಸೋಂಕು, ಎಲ್ಲ ಶಬ್ದಗಳೂ ಬಾಯಿತುದಿಗೆ ಬಂದವು. ಮೇಡಂಗೆ ಒಂದು ಫೋನು ಮಾಡಿದರೆ ನೀಲವ್ವ ಸಂಜೆಯೊಳಗೆ ಗೇಟಿನಾಚೆ. ಫೋನು ಕೈಗೆ ತೆಗೆದುಕೊಂಡೂ ಆಗಿತ್ತು.

ಅಷ್ಟರಲ್ಲಿ ಅವಳು ಎದ್ದು ಹತ್ತಿರ ಬಂದಳು. ನನ್ನ ಕಣ್ಣು ನೋಡಿದಳು. ಕೇಳದೇ ಹಿಂಗೈಯನ್ನು ನನ್ನ ಕತ್ತಿಗೆ ತಾಗಿಸಿದಳು. "ಎವ್ವಾ, ಸುಡಾಕ್ಹತ್ತೈತಲ್ರೀ ಮೈ! ಯಾರೂ ನೋಡಲಿಲ್ಲನ ನಿಮ್ನ?" ಎಂದಳು. ಹಾಗೆನ್ನುತ್ತಲೇ ಬೆರಳನ್ನು ಗಟ್ಟಿಗುಜ್ಜಿ ನನ್ನ ಹಣೆಗೆ ಎಳೆದಳು. "ಬಾಯಿ ತಗೀರಿ" ಎಂದಳು.

ನಾನು ಬಾಯಿ ತೆರೆದೆ.

ಇವತ್ತಿಗೂ ನನಗೆ ಅತ್ಯಂತ ದಿಗಿಲಿನ ಸಂಗತಿ ಇದೇ. ಆ ಬೆರಳು ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ಕಣ್ಣಾರೆ ಕಂಡವಳು ನಾನು. ಎಂಜಿನಿಯರಿಂಗ್ ಓದಿದವಳು. ಆದರೂ ಸಾಲಿನಲ್ಲಿ ಕೂತ ಮಕ್ಕಳಂತೆ ಕಣ್ಣು ಮುಚ್ಚಿ ನಾಲಿಗೆ ಚಾಚಿದೆ. ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದ ಆ ತಿಂಗಳುಗಳಲ್ಲಿ ನನ್ನ ಮೈ ಬಿಸಿಯಿದೆಯೇ ಎಂದು ಮುಟ್ಟಿ ನೋಡಿದವರು ಒಬ್ಬರೂ ಇರಲಿಲ್ಲ. ಬೂದಿಯ ರುಚಿ ನಾಲಿಗೆಗೆ ಹತ್ತುತ್ತಲೇ ಅಳು ಬಂತು, ಅಲ್ಲೇ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ಆರ್ಯನ್ ಎದ್ದು ಬಂದು, ತನ್ನ ಗೊಣ್ಣೆಯ ಮುಖವನ್ನು ನನ್ನ ದುಪಟ್ಟಾಕ್ಕೆ ಒರೆಸಿಕೊಂಡು ತೊಡೆಯ ಮೇಲೆ ಕೂತ.

ಮೇಡಂಗೆ ಫೋನು ಮಾಡಲಿಲ್ಲ. ಅತ್ತು ಸಾಕಾದ ಮೇಲೆ ನೀಲವ್ವನಿಗೆ ಮೆಲ್ಲಗೆ ತಿಳಿಸಿ ಹೇಳಿದೆ: ಬೆರಳಿನ ಜೊತೆಗೆ ಕಾಯಿಲೆಯೂ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುತ್ತದೆ, ಹಣೆಗಷ್ಟೇ ಹಚ್ಚು, ನೀರಿನ ಬಟ್ಟಲು ಇಟ್ಟುಕೊ. ಅವಳು ಕೈಯನ್ನೇ ದಿಟ್ಟಿಸಿ ನೋಡಿದಳು. "ನನ್ ಕೈಲಿಂದನಽ ಆತೇನ್ರೀ?" ಎಂದಳು. ಅವಳ ಮುಖ ಬೆಳ್ಳಗಾಗಿ ಹೋಯಿತು. "ನಿನ್ನಿಂದಲ್ಲ, ನಮ್ಮ ಅತ್ತೆಯಿಂದ" ಎಂದೆ ನಾನು. ಅದಕ್ಕೆ ಅವಳಿಗೆ ನಗು ಬಂತು, ನನಗೂ ಬಂತು.

ಆಮೇಲೆ ಕಾಯಿಲೆ ನಿಂತೇಹೋಯಿತೆಂದರೆ ಸುಳ್ಳಾದೀತು. ಡಾಕ್ಟರು ಹೇಳಿದ ಮಾಮೂಲು ಮಾಮೂಲಾಗಿಯೇ ಇತ್ತು, ಆದರೆ ನಡುನಡುವೆ ಉಸಿರಾಡುವಷ್ಟು ಬಿಡುವು ಸಿಗತೊಡಗಿತು. ನಾನಂತೂ ಆ ವಾರ ಮಗಳ ಪಕ್ಕದಲ್ಲೇ ಜ್ವರದಲ್ಲಿ ಬಿದ್ದುಕೊಂಡಿದ್ದೆ. ಎದ್ದು ಆಫೀಸಿಗೆ ಹೋದರೆ ಇನ್ನೊಂದು ಆಘಾತ ಕಾದಿತ್ತು: ನಾನಿಲ್ಲದೆಯೇ ರಿಲೀಸ್ ಆಗಿತ್ತು. ಮ್ಯಾನೇಜರೂ ಜ್ವರ ಹಿಡಿದು ರಜೆಯಲ್ಲಿದ್ದರು. ಬೇರೆಯವರನ್ನು ನೋಡುವ ಮಾತನ್ನು ಮತ್ತೆ ಅವರು ಎತ್ತಲಿಲ್ಲ, ಡ್ರಾಫ್ಟಿನಲ್ಲಿದ್ದ ರಾಜೀನಾಮೆಯನ್ನು ನಾನು ಕಳಿಸಲಿಲ್ಲ. ಅತ್ತೆಗೆ ಏನನ್ನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ವಿಭೂತಿ ಹಣೆಯಿಂದ ಕೆಳಗಿಳಿಯದಂತೆ ಮಾತ್ರ ನೋಡಿಕೊಂಡೆ. ಅತ್ತೆ ಬಂದಾಗಲೂ, "ಡಾಕ್ಟರು ಬೇಡ ಅಂದಿದ್ದಾರೆ" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ವರ್ತೂರಿನ ಕಟ್ಟಡ ಮುಗಿದ ಮೇಲೆ ನೀಲವ್ವನ ಗಂಡನಿಗೆ ಬೇರೆಲ್ಲೋ ಕೆಲಸ ಸಿಕ್ಕಿತು. ಒಂದು ಸೋಮವಾರ ಹೋದರೆ ಗೇಟಿನಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಸಿಂಚನಾ ಅವತ್ತು ನನ್ನ ಕೊರಳು ಬಿಡಲೇ ಇಲ್ಲ.

ಓ, ಬಂದಳು. ನೀರಿನ ಬಟ್ಟಲು ಹಿಡಿದಿದ್ದಾಳೆ. ಈಗ ನನ್ನಷ್ಟೇ ಎತ್ತರ. ಶಾಲೆಯಲ್ಲಿ ಜೀವಶಾಸ್ತ್ರ ಓದುತ್ತಾಳೆ, ಮನೆಗೆ ಬಂದ ನೆಂಟರಿಗೂ ಕೈ ತೊಳೆದಿರಾ ಎಂದು ಕೇಳುವ ಹುಡುಗಿ. ಮೂರು ಬೆರಳು ಅದ್ದಿ, ಗಟ್ಟಿಗುಜ್ಜಿ, ನನ್ನ ಹಣೆಗೆ ಎಳೆದಳು. ತಣ್ಣಗಾಯಿತು. ಮುಗಿಯಿತೆಂದು ನಾನು ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ಅವಳು ಹೋಗಲಿಲ್ಲ. ಬೆರಳನ್ನು ಇನ್ನೊಮ್ಮೆ ಗಟ್ಟಿಗೆ ಉಜ್ಜಿ ನನ್ನ ತುಟಿಯ ಹತ್ತಿರ ತಂದಳು. "ಬಾಯಿ ತೆಗಿ" ಎಂದಳು.

ನನ್ನ ಮೈಯೆಲ್ಲ ಜುಮ್ಮೆಂದಿತು. "ಯಾರೇ ಹೇಳಿಕೊಟ್ಟಿದ್ದು ನಿನಗೆ ಇದನ್ನ?"

ಅವಳು ಬೆರಳನ್ನು ಹಾಗೇ ಹಿಡಿದಿದ್ದಳು. "ಗೊತ್ತಿಲ್ಲಮ್ಮ. ಹಿಂಗೇ ಅಲ್ವಾ ಮಾಡೋದು?"

ಕಣ್ಣು ಮುಚ್ಚಿ ನಾಲಿಗೆ ಚಾಚಿದೆ.