ಯಾವ ಊರಿಗೆ ವರ್ಗ

ನನ್ನ ಯಜಮಾನರು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸುತ್ತಿದ್ದರು. ಯಂತ್ರ ನಮ್ಮದು, ಬೋರ್ಡು ಕಂಪನಿಯದು. ಆ ಹೆಸರು ಬಳಸುವುದಕ್ಕೆ ತಿಂಗಳು ತಿಂಗಳು ಕಂಪನಿಗೆ ಪಾಲು ಕೊಡಬೇಕು. ಅದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಇವರ ಬಾಯಲ್ಲಿ ಅದು ಕೊನೆಯವರೆಗೂ ಪ್ರಾಂಚಿ.

ಹೆಚ್ಚು ಮಾತಿನ ಮನುಷ್ಯರಲ್ಲ. ಯಾವ ಬಟ್ಟೆ ಬಂದರೂ ಮೊದಲು ಜೇಬು ನೋಡುತ್ತಿದ್ದರು. ಸಿಕ್ಕಿದ್ದು ಹರಿದ ಟಿಕೆಟ್ಟಾದರೂ ಸರಿ, ಕಾಗದದಲ್ಲಿ ಸುತ್ತಿ ಕಾಲರಿಗೆ ಪಿನ್ನು ಚುಚ್ಚಿ ಕೊಡುತ್ತಿದ್ದರು. ಹೀಗೆ ಕೊಟ್ಟ ಒಂದು ಚೀಟಿಯನ್ನು ನಮ್ಮ ಬೀದಿಯ ಮೇಷ್ಟರ ಹೆಂಡತಿ ಬಿಚ್ಚಿ ಓದಿದ ಮೇಲೆ ಆ ಮನೆಯಲ್ಲಿ ಮೂರು ದಿನ ಮಾತಿರಲಿಲ್ಲವಂತೆ. ಆಮೇಲೂ ಇವರು ಅಭ್ಯಾಸ ಬಿಡಲಿಲ್ಲ.

ಒಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟರು. ಎಬ್ಬಿಸಿದೆ, ಏಳಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಕಂಪನಿಯ ಮೇಡಂ ಫೋನು ಮಾಡಿದರು. ಅಂಗಡಿ ವರ್ಗಾವಣೆ ಆಗಬೇಕು, ಅದಕ್ಕೆ ಶುಲ್ಕವಿದೆ, ತಿಂಗಳೊಳಗೆ ಆಗದಿದ್ದರೆ ಬೋರ್ಡು ಇಳಿಸುತ್ತೇವೆ ಎಂದರು. ನಾನು ಹೂಂ ಎಂದೆ.

ನನ್ನ ಅಪ್ಪ ಆಸ್ಪತ್ರೆಯಲ್ಲಿ ಜವಾನರಾಗಿದ್ದರು. ವರ್ಗವಾದಾಗಲೆಲ್ಲ ಪಾತ್ರೆಪಗಡ ಗೋಣಿಗೆ ತುಂಬಿ ಬೇರೆ ಊರಿಗೆ ಹೋಗುತ್ತಿದ್ದೆವು. ವರ್ಗ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಸತ್ತವರ ಅಂಗಡಿಯನ್ನು ಕಂಪನಿ ಬೇರೆ ಊರಿಗೆ ಹಾಕುತ್ತದೆ, ಸಾಗಿಸುವ ಖರ್ಚು ನಮ್ಮದು, ಹೀಗೆ ತಿಳಿದುಕೊಂಡೆ. ಇವರು ಇಪ್ಪತ್ತು ವರ್ಷ ನಿಂತ ಜಾಗ ಬಿಟ್ಟು ಎಲ್ಲಿಗೆ ಹೋಗಲಿ? ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಅರ್ಧ ಇಸ್ತ್ರಿಯಾದ ಬಟ್ಟೆಗಳನ್ನೂ ಮನೆಮನೆಗೆ ವಾಪಸು ಕೊಟ್ಟು ಬಂದೆ. ಹ್ಯಾಂಗರುಗಳನ್ನು ಗಂಟು ಕಟ್ಟಿದೆ.

ಮೇಡಂ ಬಂದರು. ಖಾಲಿ ಕಂಬಿ ನೋಡಿ ನಿಂತುಬಿಟ್ಟರು.

"ಏನಮ್ಮಾ ಇದು, ಎಲ್ಲಾ ಕಟ್ಟಿಟ್ಟಿದೀರಿ?"

"ಯಾವ ಊರಿಗೆ ಅಂತ ಹೇಳಿದ್ರೆ ಅಲ್ಲಿ ಮನೆ ನೋಡ್ಬೇಕು, ಮೇಡಂ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಂಟು ಕಟ್ಟಲು ಬಂದಿದ್ದ ನನ್ನ ನಾದಿನಿಗೆ ಬೇಗ ಆಯಿತು. "ಅಯ್ಯೋ ಅತ್ತಿಗೆ, ಅಂಗಡಿಗೇನು ಸರ್ಕಾರಿ ನೌಕರಿನಾ, ವರ್ಗ ಆಗೋಕೆ?" ಎಂದಳು. ಅಣ್ಣ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಊರು ಬದಲಾಗುವುದಿಲ್ಲ, ಹೆಸರು ಬದಲಾಗುತ್ತದೆ ಎಂದು ಮೇಡಂ ತಿಳಿಸಿದರು. ಹೊರಗಿನವರಿಗೆ ಮಾರಿದರೆ ವರ್ಗಾವಣೆ ಶುಲ್ಕವಂತೆ. ಹೆಂಡತಿ ಹೆಸರಿಗಾದರೆ ಅದು ಮಾಫಿಯಂತೆ. ಆದರೆ ಹೊಸ ಕರಾರಿನ ಶುಲ್ಕ ಮಾಫಿಯಿಲ್ಲ. ತರಬೇತಿ ಶುಲ್ಕವೂ ಇಲ್ಲ, ಅಂದರೆ ಮಾಫಿ ಇಲ್ಲ, ಶುಲ್ಕ ಇದೆ. ಮೂರು ಸಲ ಹೇಳಿಸಿಕೊಂಡೆ. ಮೂರು ಸಲವೂ ಬೇರೆಬೇರೆ ಕೇಳಿಸಿತು.

"ತರಬೇತಿ ಯಾಕೆ? ಅವ್ರಿಗೆ ಇಸ್ತ್ರಿ ಹಿಡಿಯೋದು ಕಲಿಸಿದ್ದೇ ನಾನು."

"ಕಾಗದದಲ್ಲಿ ಕಲಿತವರು ಅವರೊಬ್ಬರೇ ಅಮ್ಮಾ."

ಎರಡು ಚಿನ್ನದ ಬಳೆ ಮಾರಿ ಶುಲ್ಕ ಕಟ್ಟಿದೆ. ಮೂರು ದಿನ ತರಬೇತಿಗೆ ಹೋದೆ. ಕೊನೆಯ ದಿನ ಮನೆಯಿಂದ ಒಂದು ಅಂಗಿ ತಂದು ಇಸ್ತ್ರಿ ಮಾಡಿ ತೋರಿಸಬೇಕಿತ್ತು. ಇವರ ಬಿಳಿ ಅಂಗಿ ಒಯ್ದಿದ್ದೆ. ಮೇಜಿನ ಮೇಲೆ ಹಾಸಿ ಮೊದಲು ಜೇಬಿಗೆ ಕೈ ಹಾಕಿದೆ. ಕಲಿಸುವವರು ಇದು ಪುಸ್ತಕದಲ್ಲಿಲ್ಲವಲ್ಲ ಎಂದರು. ಇಲ್ಲ ಎಂದೆ. ಜೇಬಿನಲ್ಲೂ ಏನೂ ಇರಲಿಲ್ಲ. ಇಸ್ತ್ರಿ ಮಾಡಿದೆ. ಪಾಸಾದೆ.

ನನ್ನ ಹೆಸರಿನ ಕಾಗದ ಬಂದಿದೆ. ಹಿಂದಿನ ಮಾಲೀಕರು ಎಂಬಲ್ಲಿ ಇವರ ಹೆಸರಿದೆ. ಯಾವ ಶುಲ್ಕ ಕಟ್ಟಿದೆ, ಯಾವುದು ಮಾಫಿಯಾಯಿತು ಎಂದು ಯಾರಾದರೂ ಕೇಳಿದರೆ ಈಗಲೂ ತಡವರಿಸುತ್ತೇನೆ. ನಾನು ವಾಪಸು ಕೊಟ್ಟ ಬಟ್ಟೆಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ಮೇಷ್ಟರು ತಮ್ಮ ಗಂಟು ಮೇಜಿನ ಮೇಲಿಟ್ಟು, "ವರ್ಗ ಆಯ್ತೇನಮ್ಮಾ?" ಎಂದರು. ಬೀದಿಗೆಲ್ಲ ಗೊತ್ತಾಗಿದೆ.

"ಆಯ್ತು ಮೇಷ್ಟ್ರೇ. ಇಲ್ಲಿಗೇ" ಎಂದು ಅವರ ಅಂಗಿಯ ಜೇಬು ನೋಡತೊಡಗಿದೆ.